ಕ್ಲಚ್ಚಿಲ್ಲದ ಕಾರಿನ ಸಾಬಣ್ಣ

ಸಾಬಣ್ಣ ಕಾರು ಹತ್ತುವಾಗ ಮೊದಲು ತನ್ನ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಡುತ್ತಿದ್ದ, ಬೇರೆಯವರ ಸಾಮಾನು ಇಟ್ಟ ಹಾಗೆ. ಆಮೇಲೆ ತಾನು ಕೂರುತ್ತಿದ್ದ. ಶಹಾಬಾದಿನ ನಮ್ಮದೇ ಗಣಿಯಲ್ಲಿ ಅವನು ಲಾರಿ ಓಡಿಸುತ್ತಿದ್ದಾಗ ನೆಲಕ್ಕೆ ಹಾಸುವ ಪರಸಿ ಕಲ್ಲು ಜಾರಿ ಆ ಕಾಲಿನ ಮೇಲೆ ಬಿದ್ದಿತ್ತು. ಕಾಲು ಉಳಿಯಿತು, ಬಲ ಉಳಿಯಲಿಲ್ಲ. ಕ್ಲಚ್ಚು ಒತ್ತಲಾಗದ ಡ್ರೈವರನನ್ನು ಯಾರಿಟ್ಟುಕೊಳ್ಳುತ್ತಾರೆ?

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಕೆಲವು ವರ್ಷ ಕಳೆದಿತ್ತು. ಗಣಿಯ ಮಾಲೀಕರಾದ ನಮ್ಮ ದೊಡ್ಡಪ್ಪ ಹೈದರಾಬಾದಿನ ಜಹಗೀರದಾರರೊಬ್ಬರಿಂದ ಅಮೆರಿಕದ ಕಾರು ಕೊಂಡು ತಂದರು. ಅದಕ್ಕೆ ಕ್ಲಚ್ಚೇ ಇಲ್ಲ. ಸ್ಟೇರಿಂಗಿನ ಪಕ್ಕ ಗೇರಿನ ಒಂದು ಹಿಡಿ, ಅದಕ್ಕೆ ಇಂಗ್ಲಿಷ್ ಅಕ್ಷರ ಬರೆದ ಐದು ಜಾಗ. ಊರಿನ ಡ್ರೈವರುಗಳು ಎಡಗಾಲಿನಿಂದ ಕ್ಲಚ್ಚು ಹುಡುಕಿ, ಬ್ರೇಕು ತುಳಿದು, ದೊಡ್ಡಪ್ಪನ ತಲೆಯ ರುಮಾಲು ಮುಂದಿನ ಗಾಜಿಗೆ ಬಡಿಯುವಂತೆ ಮಾಡಿದರು. ಸಾಬಣ್ಣನ ಎಡಗಾಲಿಗೆ ಹುಡುಕುವ ಚಟವೇ ಇರಲಿಲ್ಲ. ಕೆಲಸ ಅವನದಾಯಿತು.

ಇಂಗ್ಲಿಷ್ ಅಕ್ಷರ ಬಾರದಿದ್ದರೂ ಹಿಡಿಯ ಲೆಕ್ಕ ಅವನಿಗೆ ಬಾಯಿಪಾಠ. “ಮ್ಯಾಲಿಟ್ರ ಎತ್ತು ಗೂಟಕ್ಕ ಕಟ್ಟಿದಂಗ್ರಿ. ಒಂದು ಕೆಳಗ ಬಂದ್ರ ಹಗ್ಗ ಬಿಚ್ಚಿದಂಗ, ಆದ್ರ ನಡೆಯಂಗಿಲ್ಲ. ಮುಂದಿಂದು ನಡ್ಯಾಕ. ಅದರ ಕೆಳಗಿಂದು ಏರಿಗಿ, ಇಳಕಲಕ್ಕ. ಕಡೀದು ಹಿಂದಕ್ಕ. ಅದನ್ನ ಗಾಡಿ ನಿಂತಾಗ ಅಷ್ಟೇ ಮುಟ್ಟಬೇಕ್ರಿ.”

ಚಿಂಚೋಳಿಯ ಗುಡ್ಡ ಇಳಿಯುವಾಗ ಹಿಡಿಯನ್ನು ನಾಲ್ಕನೆಯದಕ್ಕೆ ತಂದು, ಬ್ರೇಕು ತುಳಿಯದೆ ಕಾಲು ಸುಮ್ಮನಿಟ್ಟು ಕೂರುತ್ತಿದ್ದ. ದೊಡ್ಡಪ್ಪ ಹಿಂದೆ ಕುಳಿತು ಬಸವಣ್ಣನನ್ನು ನೆನೆಯುತ್ತಿದ್ದರು. “ದೇವರು ನನ್ನ ಕಾಲು ನೋಡೇ ಈ ಗಾಡಿ ಮಾಡಿಸ್ಯಾನ್ರಿ,” ಅನ್ನುತ್ತಿದ್ದ ಸಾಬಣ್ಣ. “ಇದೊಂದು ಹೋದ್ರ ನಂದು ಸ್ಟೇರಿಂಗ್ ಮುಗೀತು.” ಅದು ಸುಳ್ಳಾಗಿರಲಿಲ್ಲ. ನಮ್ಮ ಕಡೆ ಅಂಥ ಕಾರು ಇನ್ನೊಂದಿರಲಿಲ್ಲ.

ಒಂದು ದಿನ ದೊಡ್ಡಪ್ಪ ತಾವೇ ನಡೆಸುತ್ತೇನೆಂದು ಹಟ ಹಿಡಿದರು. ಹುಟ್ಟಿನಿಂದ ಎತ್ತಿನ ಬಂಡಿ ಹೊಡೆದ ಕೈ ಅವರದು. ಭಂಕೂರ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ನೆನಪಾಗಲಿಲ್ಲ. ಎತ್ತಿನ ಹಗ್ಗ ಜಗ್ಗಿದಂತೆ ಹಿಡಿಯನ್ನು ಕಡೆಯ ಜಾಗಕ್ಕೆ ಎಳೆದುಬಿಟ್ಟರು. ಪಕ್ಕದಲ್ಲಿದ್ದ ಸಾಬಣ್ಣ ಕೈ ಚಾಚುವಷ್ಟರಲ್ಲಿ ಒಳಗೆ ಏನೋ ಮುರಿದ ಸದ್ದಾಯಿತು. ಎಮ್ಮೆಗೆ ಏನೂ ಆಗಲಿಲ್ಲ.

ರಿಪೇರಿಗೆ ಬೇಕಾದ ಸಾಮಾನು ಹೈದರಾಬಾದಿನಲ್ಲೂ ಸಿಗಲಿಲ್ಲ. ಎತ್ತು ಕಟ್ಟಿ ಕಾರನ್ನು ಮನೆಗೆ ಎಳೆಸಿದರು. ದೊಡ್ಡಪ್ಪ ಜೀಪು ಕೊಂಡರು, ಅದಕ್ಕೆ ಕ್ಲಚ್ಚಿತ್ತು. ಸಾಬಣ್ಣನಿಗೆ ಗಣಿಯ ಕಾವಲು ಕೆಲಸ ಕೊಡುತ್ತೇವೆಂದೆವು. “ಕುಂತು ಪಗಾರ ತಿಂದ್ರ ಈ ಕಾಲಿನ ಜಡ್ಡು ಮೈಗೆಲ್ಲ ಹತ್ತತದ್ರಿ,” ಎಂದು ಒಲ್ಲೆನೆಂದ.

ವಾಡಿಯಲ್ಲಿ ಅವನನ್ನು ಬೊಂಬಾಯಿ ರೈಲಿಗೆ ಹತ್ತಿಸಿದವನು ನಾನೇ. ಕಾಲನ್ನು ಎತ್ತಿಡಲು ಹೋದರೆ ಬಿಡಲಿಲ್ಲ. “ಅಲ್ಲಿ ಇಂಥಾ ಗಾಡಿ ಭಾಳ ಅದಾವಂತ. ಸಾವ್ಕಾರ್ರಿಗೆ ಹೇಳ್ರಿ, ನನಗ ಸಿಟ್ಟಿಲ್ಲಂತ.” ಮುಂದೆ ಅವನ ಸುದ್ದಿ ಬರಲಿಲ್ಲ.

ಅಂದು ಮನೆಗೆ ಬಂದು ಅವನ ಮಾತನ್ನು ದೊಡ್ಡಪ್ಪನಿಗೆ ಮುಟ್ಟಿಸಿದೆ. ಅವರು ಊಟದ ಮುಂದೆ ಕುಳಿತಿದ್ದರು.

“ಸಿಟ್ಟಿಲ್ಲ ಅಂದ್ನೇನು?”

“ಹೂಂ.”

ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಬೈದು ಹೋಗಿದ್ರ ಛಲೋ ಇತ್ತಪಾ,” ಎಂದರು.