ಕಿವಿ ಮುಟ್ಟಿ ಮಾತಾಡುವವರು

ಅವತ್ತು ನಾಟಕ ಕೆಡಿಸಿದ್ದು ನಾನೇ, ಮೊದಲೇ ಹೇಳಿಬಿಡ್ತೇನೆ. ದೋಹಾದಲ್ಲಿ ನಾನು ಅಣಕಿಸದ ಜನ ಇಲ್ಲ, ಕನ್ನಡಿಯಲ್ಲಿ ನನ್ನನ್ನೂ ಬಿಟ್ಟಿಲ್ಲ. ಐನ್ ಖಾಲಿದ್ ಬಡಾವಣೆಯ ನಮ್ಮ ಪಕ್ಕದ ಮನೆಯಲ್ಲಿದ್ದ ಮೆಕ್ಸಿಕೋದ ನಟರೊಬ್ಬರನ್ನು ಬಿಡುತ್ತೇನೆಯೇ?

ಏನು ಕೇಳಿದರೂ ಅವರು ಎಡಗಿವಿ ಮುಟ್ಟಿಕೊಂಡು "ಒಂದು ನಿಮಿಷ" ಎನ್ನುತ್ತಿದ್ದರು. ಕಿವುಡೋ ಜಂಬವೋ ತಿಳಿಯದೆ ನಾನೂ ಕಿವಿ ಮುಟ್ಟಿ ಅಣಕಿಸಿದೆ. ಆಮೇಲೆ ಗೊತ್ತಾಯಿತು: ತಮ್ಮ ದೇಶದಲ್ಲಿ ರಂಗಭೂಮಿ ಬಿಟ್ಟು ಟಿವಿ ಧಾರಾವಾಹಿಗಳಿಗೆ ಹೋದ ಮೇಲೆ, ಕಿವಿಯೊಳಗಿನ ಯಂತ್ರದಲ್ಲಿ ಯಾರೋ ಪಿಸುಗುಟ್ಟಿದ ಸಂಭಾಷಣೆಯನ್ನೇ ಅವರು ಹೇಳುತ್ತಿದ್ದರಂತೆ; ಕಿವಿ ಮುಟ್ಟುವ ಅಭ್ಯಾಸ ಅಲ್ಲಿಂದ ಬಂದದ್ದು. ಹೆಂಡತಿಗೆ ಇಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕಿ ಬಂದವರು ಮತ್ತೆ ಬಣ್ಣವನ್ನೇ ಹಚ್ಚಿರಲಿಲ್ಲ.

ನಮ್ಮ ಕನ್ನಡ ನಾಟಕದಲ್ಲಿ ಅಪ್ಪನ ಪಾತ್ರ ಮಾಡುವವನಿಗೆ ಪ್ರದರ್ಶನದ ದಿನವೇ ಡ್ಯೂಟಿ ಬಿತ್ತು. "ನನಗೆ ಕೊಡಿ. ಇನ್ನೂ ನನ್ನಿಂದ ಆಗ್ತದಾ ನೋಡಬೇಕು," ಎಂದು ಕನ್ನಡದ ಒಂದಕ್ಷರವೂ ಬಾರದ ಇವರು ಇಂಗ್ಲಿಷಿನಲ್ಲಿ ಅಂಗಲಾಚಿದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆವು. ಪರದೆಯ ಹಿಂದಿನಿಂದ ಕನ್ನಡ ಮಾತು ಹೇಳಿಕೊಡುವವ ನಾನು.

ಕಳೆದುಹೋದ ಮಗಳು ಸಿಗುವ ದೃಶ್ಯ. ನನ್ನ ಹಾಳೆಗಳು ಏಸಿ ಗಾಳಿಗೆ ಹಾರಿ ಕಲಸಿಹೋದವು. ಮೈಕ್ ಆಫ್ ಮಾಡದೆ ಲೈಟಿನವನಿಗೆ, "ಮಾರಾಯಾ, ನಂಗೆ ಏನೂ ಗೊತ್ತಾಗ್ತಾ ಇಲ್ಲ!" ಎಂದುಬಿಟ್ಟೆ. ರಂಗದ ಮೇಲೆ ಅವರು ಮಗಳ ಮುಖ ಹಿಡಿದು, ಗದ್ಗದಿತರಾಗಿ, "ಮಾರಾಯಾ" ಸಮೇತ ಅದನ್ನೇ ಹೇಳಿದರು. ಮುಂದಿನ ಸಾಲಿನ ಅಕ್ಕಂದಿರು ಕಣ್ಣೊರೆಸಿಕೊಂಡರು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಪರದೆ ಬಿದ್ದ ಮೇಲೆ ಅರ್ಥ ಬಿಡಿಸಿ ಹೇಳಿ ಸಾರಿ ಕೇಳಿದೆ. ಈ ಸಲ ಅವರು ಕಿವಿ ಮುಟ್ಟಲಿಲ್ಲ.

"ಸಾರಿ ಯಾಕೆ? ಅಲ್ಲಿ ನಿಂತು ನಾನೂ ಅದನ್ನೇ ಯೋಚಿಸ್ತಿದ್ದೆ. ಇಷ್ಟು ವರ್ಷದಲ್ಲಿ ಈ ಕಿವಿಗೆ ನನ್ನದೇ ಮಾತು ಬಂದದ್ದು ಇವತ್ತೇ."