ನಲವತ್ತೊಂದು ಜನ ಕೇಳಿದ ವಾಸನೆ

ನಂಬಲ್ಲ ನೀವು. ಬೇಕಾದ್ರೆ ಪಂಥ ಕಟ್ಟಿ. ಸಾಗರ, ಹೊಸನಗರ, ತೀರ್ಥಹಳ್ಳಿ ರೂಟಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದೋನು ನಾನು. ಡ್ರೈವರ್ ಸೀಟಿಗೆ ಹಲಸಿನ ಮೇಣ ಬಳಿದೋನು ನಾನೇ. ಹೊಳೆಬಾಗಿಲಲ್ಲಿ ಇವತ್ತು ಹೊಳೆ ದಾಟೋಕೆ ಲಾಂಚಿಲ್ಲ ಅಂತ ಸುಳ್ಳು ಹೇಳಿ ಇಡೀ ಮದುವೆ ದಿಬ್ಬಣಾನ ವಾಪಸ್ ಬಸ್ಸಿಗೆ ಹತ್ತಿಸಿದೋನೂ ನಾನೇ. ನಾನು ನಕ್ಕರೆ ಮುಂದಿನ ಸ್ಟಾಪಲ್ಲಿ ನಿಂತೋರಿಗೆ ಬಸ್ ಬಂತು ಅಂತ ಗೊತ್ತಾಗ್ತಿತ್ತು, ಹಾರನ್ನೇ ಬೇಕಿರ್ಲಿಲ್ಲ. ಅಂಥೋನು ಒಂದು ವಾಸನೆಗೆ ಹೆದರ್ತಾನೆ ಅಂದ್ರೆ ನೀವು ನಂಬ್ತೀರಾ?

ಮೊನ್ನೆ ತೀರ್ಥಹಳ್ಳಿ ಸಂತೇಲಿ ಒಬ್ಬಳು ಇಂಗು, ಬೆಳ್ಳುಳ್ಳಿ ಹರಡ್ಕೊಂಡು ಕೂತಿದ್ಳು. ಪಕ್ಕದಲ್ಲೇ ಒಣಮೀನು. ಗಾಳಿ ಬೀಸಿದ್ದೇ ತಡ, ಎಲ್ಲಾ ಸೇರ್ಕೊಂಡು ಮೂಗಿಗೆ ಹೊಡೀತು. ಜನ ಮೂಗು ಮುಚ್ಕೊಂಡು ಸರಸರ ದಾಟಿದ್ರು. ನಾನು ಚೀಲ ಹಿಡ್ಕೊಂಡು ಅಲ್ಲೇ ನಿಂತ್ಬಿಟ್ಟೆ... ಮೇಡಂ ನೆನಪಾದ್ರು.

ನಾನು ರಿಟೈರ್ ಆದ ಹೊಸತರಲ್ಲಿ ಸಾಗರದ ನಮ್ಮನೆ ಮಹಡಿ ಮೇಲೆ ಬಾಡಿಗೆಗಿದ್ರು. ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತಿದ್ರು, ಅದೂ ಅತಿಥಿ ಉಪನ್ಯಾಸಕಿ. ಈ ವರ್ಷ ಕೆಲಸ ಇದ್ರೆ ಮುಂದಿನ ವರ್ಷ ಇಲ್ಲ. ಮಳೆಗಾಲದಲ್ಲಿ ನಮ್ಮ ಕಾಲಿಗೆ ಹತ್ತಿ ರಕ್ತ ಹೀರುತ್ತಲ್ಲ ಉಂಬಳ, ಅದಕ್ಕೊಂದು ಎಣ್ಣೆ ಕಂಡುಹಿಡಿದಿದ್ರು. ಹಚ್ಕೊಂಡ್ರೆ ಉಂಬಳ ಹತ್ತಿರ ಬರಲ್ಲ, ಜಿಡ್ಡಿಲ್ಲ, ವಾಸನೆನೂ ಇಲ್ಲ. ಸುಣ್ಣ, ಹೊಗೆಸೊಪ್ಪು ಬಳ್ಕೊಂಡು ಗದ್ದೆಗೆ ಇಳಿಯೋ ನಮ್ಮೋರಿಗೆ ಅದು ಪವಾಡವೇ.

ಆ ವರ್ಷ ಶಿವಮೊಗ್ಗದಲ್ಲಿ ಒಂದು ಕೋರ್ಸು ಶುರುವಾಯ್ತು. ವಿಜ್ಞಾನಿಗಳಿಗೆ, ಇಂಜಿನಿಯರುಗಳಿಗೆ ವ್ಯಾಪಾರ ಕಲಿಸೋದು. ಕೊನೇ ದಿನ ಪರೀಕ್ಷಕರಿಗೆ ಒಪ್ಪಿಗೆ ಆದೋರಿಗೆ ಒಂದು ವರ್ಷ ಸ್ವಂತ ಲ್ಯಾಬು, ಖರ್ಚೆಲ್ಲ ಕೋರ್ಸಿನೋರದೇ. ಮೇಡಂ ಪ್ರತಿ ಶನಿವಾರ ಹೋಗಿ ಬಂದು ನಮ್ಮ ಜಗಲಿ ಮೇಲೆ ಕೂತು ಕಲಿತಿದ್ದನ್ನ ಹೇಳೋರು.

“ನಮ್ಮ ಪ್ರಯೋಗ ನಮಗೆ ಚಂದ ಅಂತೆ. ಲ್ಯಾಬಿಂದ ಹೊರಗೆ ಹೋಗಿ ಗಿರಾಕೀನ ಕೇಳ್ಬೇಕಂತೆ. ಅವರು ಹೇಳಿದ್ದಕ್ಕೆ ಎದುರು ಮಾತಾಡೋ ಹಾಗಿಲ್ಲ, ಸುಮ್ನೆ ಬರ್ಕೋಬೇಕು.”

ಎದುರು ಮಾತಾಡೋ ಹಾಗಿಲ್ಲ! ನನ್ನಂಥೋನ ಕಿವಿಗೆ ಇದನ್ನ ಹಾಕಬಹುದಾ?

“ಜನ ತಾನೇ? ನನ್ನ ರೂಟಲ್ಲಿ ಬನ್ನಿ, ಸ್ಟಾಪಿಗೊಬ್ಬರು ನನ್ನ ದೋಸ್ತರಿದಾರೆ” ಅಂದೆ. ಆಮೇಲೆ ಫೋನ್ ಹಿಡ್ಕೊಂಡು ಕೂತೆ. “ಒಬ್ರು ಮೇಡಂ ಬರ್ತಾರೆ. ಎಣ್ಣೆ ಹೆಂಗಿರ್ಬೇಕು ಅಂತ ಕೇಳಿದ್ರೆ ವಾಸನೆ ಜೋರಾಗಿರ್ಬೇಕು ಅನ್ನಿ, ಅಷ್ಟೇ.” ನಮ್ಮ ಕಡೆಯೋರು ಹಳೇ ಕಂಡಕ್ಟರ್ ಮಾತು ತೆಗೆದುಹಾಕ್ತಾರಾ?

ಆನಂದಪುರದ ಕ್ಯಾಂಟೀನಿನವನು ಅಂದ, “ಮೇಡಂ, ಘಾಟಿಲ್ಲದ ಔಷಧಿ ನಾಟಲ್ಲ.” ವರದಹಳ್ಳಿ ದಾರೀಲಿ ಒಬ್ರು ಭಟ್ರು ಮುಖ ಗಂಟು ಹಾಕ್ಕೊಂಡು, “ಎಂತ ಮಾರಾಯ್ತಿ, ವಾಸನೆ ಇಲ್ದೇ ಹೋದ್ರೆ ಉಂಬಳಕ್ಕೆ ಗೊತ್ತಪ್ಪುದು ಹ್ಯಾಂಗೆ?” ಅಂದ್ರು. ಹೊಸನಗರದಲ್ಲಿ ಸೊಪ್ಪು ಹೊರೋ ಒಬ್ಬಳಂತೂ ನಾನು ಹೇಳದೇ ಇದ್ದಿದ್ದನ್ನೂ ಸೇರಿಸಿದ್ಳು: “ಮೀನೆಣ್ಣೆ ಹಾಕಿ ಮೇಡಮ್ಮ, ನಮ್ಮನೆಯೋರೂ ಹತ್ರ ಬರಬಾರ್ದು!” ನಾನು ಮರದ ಹಿಂದೆ ಹೋಗಿ ಹೊಟ್ಟೆ ಹಿಡ್ಕೊಂಡು ನಕ್ಕೆ. ಮೇಡಂ ಮಳೇಲಿ ಕೊಡೆ ಕುತ್ತಿಗೆಗೆ ಸಿಕ್ಕಿಸ್ಕೊಂಡು, ಹಾಳೆ ನೆನೀದ ಹಾಗೆ ಸೆರಗು ಅಡ್ಡ ಹಿಡಿದು, ಒಂದಕ್ಷರ ಬಿಡದೆ ಬರ್ಕೊಂಡ್ರು. ಒಟ್ಟು ನಲವತ್ತೊಂದು ಜನ.

ಮಹಡಿ ಮೇಲಿಂದ ಇಂಗು, ಬೆಳ್ಳುಳ್ಳಿ, ಮೀನೆಣ್ಣೆ ಘಾಟು ಬರೋಕೆ ಶುರುವಾದಾಗ್ಲೇ ನಾನು ಬಾಯಿ ಬಿಡಬೇಕಿತ್ತು. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ತಮಾಷೆ ಇನ್ನೊಂದು ಸ್ವಲ್ಪ ಹಣ್ಣಾಗ್ಲಿ ಅಂತ...

ಕೊನೇ ದಿನ ಮೇಡಂ ನನ್ನನ್ನೂ ಕರ್ಕೊಂಡು ಹೋದ್ರು. ನಾನು ಹಿಂದಿನ ಸಾಲಲ್ಲಿ ಕೂತೆ. ಪರೀಕ್ಷಕರು ಬಾಟ್ಲಿ ಮುಚ್ಚಳ ತೆಗೆದ್ರು, ಆಮೇಲೆ ಕಿಟಕಿ ತೆಗೆದ್ರು. “ಉಂಬಳ ಓಡುತ್ತೋ ಇಲ್ವೋ, ನಾವಂತೂ ಓಡ್ತೀವಿ” ಅಂದ್ರು ಒಬ್ರು. ಮೇಡಂ ಹೆದರ್ಲಿಲ್ಲ. ಹಾಳೆಗಳ ಕಟ್ಟು ಮುಂದಿಟ್ಟು, “ಸರ್, ನನ್ನ ಮೊದಲಿನ ಎಣ್ಣೆಗೆ ವಾಸನೆ ಇರ್ಲಿಲ್ಲ. ನಲವತ್ತೊಂದು ಜನ ಗಿರಾಕಿಗಳು ಇದನ್ನೇ ಕೇಳಿದ್ರು, ಅದಕ್ಕೇ ಬದಲಾಯಿಸ್ದೆ” ಅಂದ್ರು. ಎಷ್ಟು ಧೈರ್ಯವಾಗಿ ಅಂದ್ರು ಗೊತ್ತಾ...

ಇನ್ನೊಬ್ರು ಹಾಳೆ ತಿರುವಿ ಹಾಕಿದ್ರು. “ಎಲ್ಲರದೂ ಒಂದೇ ಮಾತು. ಏನಮ್ಮಾ, ಎಲ್ಲಾ ಒಂದೇ ಬಸ್ಸಲ್ಲಿ ಬಂದೋರಾ?”

ನನ್ನ ಮುಂದೆ ಕೂತಿದ್ದ ಒಬ್ಬ ಇಂಜಿನಿಯರ್ ಹುಡುಗ ಗೊಳ್ಳಂತ ನಕ್ಕ. ಅವನ ಹಿಂದೆ ಇಡೀ ಹಾಲ್ ನಕ್ಬಿಡ್ತು. ಮೇಡಂ ತಿರುಗಿ ನಾವಿದ್ದ ಕಡೆ ನೋಡಿದ್ರು. ತುಂಬಾ ಹೊತ್ತು ನೋಡಿದ್ರು. ನಾನು ಬಗ್ಗಿ ಶೂ ಲೇಸ್ ಕಟ್ಟೋನ ಹಾಗೆ ಮಾಡ್ದೆ. ಕಾಲಲ್ಲಿ ಇದ್ದಿದ್ದು ಹವಾಯಿ ಚಪ್ಪಲಿ. ಎದ್ದು ನಿಂತು, “ಸ್ವಾಮಿ, ಇದು ನನ್ನ ಕಿತಾಪತಿ, ಅವರ ಮೊದಲಿನ ಎಣ್ಣೆ ನೋಡಿ” ಅನ್ನೋಕೆ ಒಂದು ನಿಮಿಷ ಸಾಕಿತ್ತು. ನಾನು ಏಳ್ಲಿಲ್ಲ.

ಲ್ಯಾಬು ಬೇರೆ ಯಾರಿಗೋ ಸಿಕ್ತು. ಮುಂದಿನ ವರ್ಷ ಕಾಲೇಜಿನೋರೂ ಕರೀಲಿಲ್ಲ. ಮನೆ ಖಾಲಿ ಮಾಡೋ ದಿನ ಮೇಡಂ ಕೆಳಗಿಳಿದು ಬಂದು ನನ್ನ ಕೈಲಿ ಒಂದು ಬಾಟ್ಲಿ ಇಟ್ರು. ವಾಸನೆ ಇಲ್ಲದ್ದು, ಮೊದಲಿನದು.

“ಅಷ್ಟು ಜನರನ್ನ ಕೇಳ್ದೆ. ನಿಮ್ಮನ್ನ ಕೇಳ್ಲೇ ಇಲ್ಲ ನೋಡಿ. ಹಚ್ಚಿ ನೋಡಿ ಹೇಳಿ” ಅಂದ್ರು.

ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.

ಹಚ್ಚಿ ನೋಡ್ದೆ. ಇಡೀ ಮಳೆಗಾಲದಲ್ಲಿ ಒಂದೇ ಒಂದು ಉಂಬಳ ನನ್ನ ಕಾಲು ಮುಟ್ಲಿಲ್ಲ. ಹೇಳೋಣ ಅಂದ್ರೆ ಅವರ ನಂಬರಿಗೆ ಫೋನ್ ಮಾಡಿದ್ರೆ ಈಗ ಬೇರೆ ಯಾರೋ ಎತ್ತುತ್ತಾರೆ. ಎಲ್ಲಿದ್ದಾರೋ, ಇದ್ದಾರೋ ಇಲ್ವೋ... ಬಾಟ್ಲಿ ತಳದಲ್ಲಿ ನಾಲ್ಕು ಹನಿ ಉಳಿದಿದೆ. ಅದನ್ನ ಮುಟ್ಟಲ್ಲ. ಈಗ ಉಂಬಳ ಕಚ್ಚಿದ್ರೆ ಕಚ್ಚಿಸ್ಕೋತೀನಿ.

ಇಷ್ಟೂ ನಿಜ, ಒಂದು ಬಿಟ್ಟು. ನನ್ನ ಮುಂದೆ ಯಾವ ಇಂಜಿನಿಯರ್ ಹುಡುಗನೂ ಕೂತಿರ್ಲಿಲ್ಲ. ಮೊದಲು ನಕ್ಕಿದ್ದು ನಾನು. ಆ ನಗು ಯಾರದು ಅಂತ ಮೇಡಂಗೆ ತಿರುಗೋ ಮೊದಲೇ ಗೊತ್ತಿತ್ತು.