ಸುಣ್ಣದ ಮಣ್ಣಿಗೆ ಬಿದ್ದ ಆಮ್ಲ

೧೯೮೭ನೆಯ ಇಸವಿ ಜೂನ್ ೯, ಮಂಗಳವಾರ. ಬಿತ್ತನೆಯ ಕಾಲ, ಮೋಡ ಕವಿದಿತ್ತು, ಮಳೆ ಮಾತ್ರ ಬಂದಿರಲಿಲ್ಲ. ಅಂದು ಬೆಳಿಗ್ಗೆ ಮಣ್ಣು ಪರೀಕ್ಷಾಲಯದ ರಸಾಯನಜ್ಞೆಯ ಮೇಜಿನ ಮೇಲೆ ಆಕೆಯ ತಮ್ಮ ಒಂದು ಮಣ್ಣಿನ ಚೀಲವನ್ನು ದೊಪ್ಪನೆ ಇಟ್ಟ. ಪಕ್ಕದ ತಕ್ಕಡಿ ಕೋಣೆಯಲ್ಲಿ ಕೆಲಸಕ್ಕಿದ್ದ ನನಗೆ ಇಬ್ಬರ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೆಲ್ಲಗೆ ಮಾತನಾಡುವ ಅಭ್ಯಾಸ ಆ ಮನೆತನಕ್ಕೇ ಇರಲಿಲ್ಲ.

“ಮುಸುಕಿನ ಜೋಳ ಹಾಕ್ತೀನಿ. ರಂಜಕ ಎಷ್ಟಿದೆ ನೋಡಿ ಹೇಳು. ಈ ಸಲ ಬೆಳೆ ಕೈಕೊಟ್ರೆ ಹೊಲದೊಡೆಯ ಗುತ್ತಿಗೆ ಬಿಡಿಸ್ಕೋತಾನೆ.”

“ಹೇಳಿದ ಹಾಗೆ ಮಾಡೋದಾದ್ರೆ ನೋಡ್ತೀನಿ. ಇಲ್ದಿದ್ರೆ ಹೊತ್ಕೊಂಡು ಹೋಗು.”

ಕಚೇರಿಯಲ್ಲಿ ಆಕೆಯನ್ನು ಬೆನ್ನ ಹಿಂದೆ ‘ಆಮ್ಲಮ್ಮ’ ಎನ್ನುತ್ತಿದ್ದರು. ನಾಲಿಗೆ ಹಾಗಿತ್ತೆಂಬುದು ಒಂದು ಕಾರಣ. ಯಾವ ಮಣ್ಣು ಬಂದರೂ ಬಲವಾದ ಆಮ್ಲದಲ್ಲೇ ಕುಲುಕಿ ರಂಜಕವನ್ನು ಹೊರತೆಗೆಯುತ್ತಿದ್ದುದು ಇನ್ನೊಂದು. ಸುಣ್ಣದ ಮಣ್ಣಿಗೆ ಸೋಡಾ ದ್ರಾವಣ ಬಳಸಬೇಕೆಂಬುದು ಆಕೆಗೆ ತಿಳಿಯದ ವಿಷಯವಲ್ಲ. ಆದರೆ ಹಾಗೆ ಅಪ್ಪಣೆ ಮಾಡಿದವನು ಹೊಸದಾಗಿ ಬಂದ ಮೇಲಧಿಕಾರಿ. ಆತನ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದೆಂಬುದು ಆಕೆಯ ಹಟ.

ಆಮ್ಲ ಬಿದ್ದೊಡನೆ ತಮ್ಮನ ಮಣ್ಣಿನಿಂದ ಬುಸುಬುಸು ನೊರೆ ಎದ್ದಿತು. ತನ್ನಲ್ಲಿ ಸುಣ್ಣವಿದೆಯೆಂದು ಮಣ್ಣು ಇದಕ್ಕಿಂತ ಗಟ್ಟಿಯಾಗಿ ಹೇಳಲಾರದು. ಆಕೆ ನೊರೆ ಇಳಿಯುವವರೆಗೆ ಕಾದು, ಇನ್ನಷ್ಟು ಆಮ್ಲ ಸುರಿದು, ಸೋಸಿ, ಬಣ್ಣ ಬರಿಸುವ ದ್ರಾವಣ ಬೆರೆಸಿದಳು. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢವಾಗುತ್ತದೆ. ಗಾಜಿನ ನಳಿಕೆಯ ದ್ರಾವಣ ಶಾಯಿಯಂತಾಯಿತು.

“ಬೇಕಾದಷ್ಟಿದೆ. ರಂಜಕದ ಗೊಬ್ಬರ ಒಂದು ಹಿಡೀನೂ ಹಾಕ್ಬೇಡ,” ಎಂದಳು. ತಮ್ಮ ಹಾಕಲಿಲ್ಲ.

ಜುಲೈ ೨೦, ಸೋಮವಾರ ಆತ ಮತ್ತೆ ಬಂದ. ಬೇರು ಸಮೇತ ಕಿತ್ತ ಜೋಳದ ಗಿಡವನ್ನು ಆಕೆಯ ಬಿಚ್ಚಿಟ್ಟ ಊಟದ ಡಬ್ಬಿಯ ಮೇಲೆಯೇ ಮಲಗಿಸಿದ. ಎಲೆಯ ಅಂಚೆಲ್ಲ ರಂಜಕ ಸಾಲದ ನೇರಳೆ, ಬೇರು ಇಲಿಬಾಲದಷ್ಟು ಸಣಕಲು.

“ನೋಡು, ನಿನ್ನ ‘ಬೇಕಾದಷ್ಟು’.”

“ಬುಡಕ್ಕೆ ನೀರು ನಿಂತಿರ್ಬೇಕು.”

“ಪಕ್ಕದೋನ ಹೊಲಕ್ಕೂ ಅದೇ ಮಳೆ. ಅವನು ಗೊಬ್ಬರ ಹಾಕ್ದ, ಸೊಂಟದ ಮಟ್ಟ ಬೆಳೆದಿದೆ. ಪಾಪ, ಅವನಿಗೆ ಓದಿದ ಅಕ್ಕ ಇಲ್ಲ.”

ಆಕೆ ಉಳಿದಿದ್ದ ಮಣ್ಣನ್ನು ಆತನೆದುರೇ ಸೋಡಾ ದ್ರಾವಣದಲ್ಲಿ ಕುಲುಕಿ, ಸೋಸಿ, ಬಣ್ಣ ಬರಿಸಿದಳು. ನಳಿಕೆ ಹೆಚ್ಚುಕಡಿಮೆ ನೀರಿನಂತೆಯೇ ನಿಂತಿತು.

“ಹೋದ ವರ್ಷ ಏನು ಹಾಕಿದ್ದೆ?”

“ಶಿಲಾರಂಜಕದ ಪುಡಿ. ಗಾಡಿಗಟ್ಟಲೆ.”

“ಅದನ್ನ ಆವತ್ತೇ ಬೊಗಳೋಕೆ ಏನಾಗಿತ್ತು?”

“ನೀನು ಕೇಳಿದ್ಯಾ?”

ಆ ಕಲ್ಲಿನ ಪುಡಿ ಬಾಟಲಿಯ ಆಮ್ಲದಲ್ಲಿ ಕರಗಿತ್ತು. ಸುಣ್ಣದ ಹೊಲದಲ್ಲಿ ಬೇರಿಗಾಗಿ ಅದು ಕರಗುವಂತಿರಲಿಲ್ಲ. ಆಕೆ ಅಳೆದದ್ದು ಕಲ್ಲಿನೊಳಗಿನ ರಂಜಕವನ್ನು, ಬೆಳೆಗೆ ಸಿಗುವುದನ್ನಲ್ಲ. ‘ತಪ್ಪಾಯಿತು’ ಎಂಬ ಒಂದು ಮಾತಿಗಾಗಿ ತಮ್ಮ ಕಾಯುತ್ತ ನಿಂತೇ ಇದ್ದ.

“ಈಗ ಗೊಬ್ಬರ ಹಾಕಿದ್ರೂ ಕಾಲ ಮೀರ್ತು. ಕಡಿದು ದನಕ್ಕೆ ಹಾಕು,” ಎಂದಳು.

“ಹಾಕ್ತೀನಿ. ನೀನಿನ್ನು ನಮ್ಮನೆ ಕಡೆ ತಲೆ ಹಾಕ್ಬೇಡ.”

ಆಗಸ್ಟ್ ೩ರಂದು ಜೋಳ ಮೇವಾಯಿತು. ೧೯೮೮ರ ಮಾರ್ಚ್ ೩೧ಕ್ಕೆ ಗುತ್ತಿಗೆ ಮುಗಿಯಿತು. ಹೊಲ ಪಕ್ಕದವನಿಗೆ ಹೋಯಿತು. ತಮ್ಮ ಇಟ್ಟಿಗೆ ಗೂಡಿನ ಲಾರಿ ಓಡಿಸತೊಡಗಿದ. ಆಕೆ ನೊರೆ ಬಂದ ಮಣ್ಣಿಗೆಲ್ಲ ಸೋಡಾ ದ್ರಾವಣವನ್ನೇ ಬಳಸಲಾರಂಭಿಸಿದಳು. ಮೇಲಧಿಕಾರಿಗೆ ಮಾತ್ರ ತಿಳಿಸಲಿಲ್ಲ. ೧೯೯೧ರ ಅಕ್ಟೋಬರ್ ೧೪ರಂದು ತಾಯಿ ತೀರಿಕೊಂಡಾಗ ಇಬ್ಬರೂ ಬಂದಿದ್ದರು. ಮಾತನಾಡಲಿಲ್ಲ. ಆಕೆ ೧೯೯೬ರ ನವೆಂಬರ್ ೩೦ರಂದು ನಿವೃತ್ತಳಾದಳು.